ಗೇಟಿನ ಮುಂದೆ ನಿಂತವನ ಫೋಟೊ

ಬಡಾವಣೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಕಾಣಿಸಿಕೊಳ್ಳುವ ಒಂದು ಬಗೆಯ ಬರಹ ಇದೆ. ಅದಕ್ಕೆ ಲೇಖಕರ ಹೆಸರಿಲ್ಲ, ತಾರೀಕಿಲ್ಲ. ಆದರೂ ಅದನ್ನು ಓದದೆ ಬಿಟ್ಟವರಿಲ್ಲ. ಅದು ಬಹುತೇಕ ಹೀಗಿರುತ್ತದೆ: 'ಎಲ್ಲರ ಗಮನಕ್ಕೆ. ಈ ವ್ಯಕ್ತಿ ನಮ್ಮ ರೋಡಿನಲ್ಲಿ ಅನುಮಾನಾಸ್ಪದವಾಗಿ ಓಡಾಡುತ್ತಿದ್ದಾನೆ. ಮನೆಗಳನ್ನು ನೋಡುತ್ತಿದ್ದಾನೆ. ಮಕ್ಕಳನ್ನು ಹೊರಗೆ ಬಿಡಬೇಡಿ. ಎಲ್ಲ ಗ್ರೂಪಿಗೂ ಕಳಿಸಿ.' ಕೆಳಗೆ ಸಿಸಿಟಿವಿಯಿಂದ ತೆಗೆದ ಒಂದು ಮಸುಕು ಚಿತ್ರ. ಅದರ ಕೆಳಗೆ ಕೈಮುಗಿದ ಇಮೋಜಿಗಳು, 'ಹುಷಾರು', 'ನಾನೂ ನೋಡಿದೆ', 'ಇವನೇ ಇರಬೇಕು'.

ಸಾವಿರಾರು ಜನ ಓದಿ, ನಂಬಿ, ಮುಂದಕ್ಕೆ ಕಳಿಸುವ ಬರಹವನ್ನು ವಿಮರ್ಶೆಯ ಕಣ್ಣಿನಿಂದ ನೋಡುವುದರಲ್ಲಿ ತಪ್ಪೇನಿಲ್ಲ. ಕತೆಯನ್ನೋ ನಾಟಕವನ್ನೋ ನೋಡುವಾಗ ಕೇಳುವ ಪ್ರಶ್ನೆಗಳನ್ನೇ ಇದಕ್ಕೂ ಕೇಳಬಹುದು. ಇದು ಹೇಳುತ್ತಿರುವುದೇನು? ಯಾವುದನ್ನು ಹೇಳದೆ ಬಿಟ್ಟಿದೆ? ಓದಿದವರ ಕೈಯಲ್ಲಿ ಏನು ಮಾಡಿಸುತ್ತದೆ? ಎಲ್ಲಕ್ಕಿಂತ ಮುಖ್ಯವಾಗಿ, ಕಾಪಾಡುತ್ತೇನೆ ಎಂದು ಮಾತು ಕೊಡುವ ಈ ಬರಹ ಆ ಮಾತನ್ನು ಉಳಿಸಿಕೊಳ್ಳುತ್ತದೆಯೆ?

ಮೇಲಿನ ಮಾದರಿಯಲ್ಲಿ ಆ ಮನುಷ್ಯ ಏನು ಮಾಡಿದ ಎಂಬುದೇ ಇಲ್ಲ. ಓಡಾಡಿದ, ನೋಡಿದ, ಅಷ್ಟೆ. ರಸ್ತೆ ಇರುವುದು ಓಡಾಡಲು, ಕಣ್ಣಿರುವುದು ನೋಡಲು. 'ಅನುಮಾನಾಸ್ಪದವಾಗಿ' ಎಂಬ ಒಂದೇ ಮಾತು ಇಡೀ ಬರಹದ ಭಾರ ಹೊತ್ತಿದೆ. ಆ ಅನುಮಾನ ಇರುವುದು ನೋಡಿದವರ ಮನಸ್ಸಿನಲ್ಲಿ, ಬರಹ ಅದನ್ನು ಎತ್ತಿ ಎದುರಿನವನ ಮೈಗೆ ಅಂಟಿಸುತ್ತದೆ. ಕೊಳೆಯಾದ ಅಂಗಿ, ಹೆಗಲ ಮೇಲೊಂದು ಚೀಲ, ಬೇರೆ ಭಾಷೆ, ಬೇರೆ ಚಹರೆ: ಸಾಕ್ಷಿ ಎಂದರೆ ಇಷ್ಟೇ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುತ್ತಿಗೆಗೆ ಐಡಿ ಕಾರ್ಡು ಹಾಕಿಕೊಂಡು ಅದೇ ರಸ್ತೆಯಲ್ಲಿ ಅಷ್ಟೇ ಹೊತ್ತು ಅಡ್ಡಾಡಿದವನ ಫೋಟೊ ಗುಂಪಿಗೆ ಬರುವುದಿಲ್ಲ. ಚಿಂದಿ ಆಯುವವನದು, ಕಣಿ ಹೇಳುವವಳದು, ಕೆಲಸ ಹುಡುಕಿಕೊಂಡು ಬಂದ ಉತ್ತರದ ಹುಡುಗನದು ಬರುತ್ತದೆ.

ಇನ್ನು ಆ ಚಿತ್ರ. ಕ್ಯಾಮೆರಾ ಇರುವುದು ಸಜ್ಜಾದ ಕೆಳಗೆ, ತಲೆಗಿಂತ ಎಷ್ಟೋ ಮೇಲೆ. ಅಲ್ಲಿಂದ ನೋಡಿದರೆ ಯಾರಾದರೂ ತಲೆ ತಗ್ಗಿಸಿಕೊಂಡು ಕಳ್ಳಹೆಜ್ಜೆ ಇಟ್ಟಂತೆಯೇ ಕಾಣುತ್ತಾರೆ. ರಾತ್ರಿಯ ಚಿತ್ರ ಕಪ್ಪು ಬಿಳುಪಿನದು. ಕ್ಯಾಮೆರಾದ ಅವಗೆಂಪು ಬೆಳಕಿಗೆ ಕಣ್ಣುಗುಡ್ಡೆ ಹೊಳೆಯುತ್ತದೆ, ಮುಖಕ್ಕೆ ಒಂದು ಕಳೆಯೇ ಇರುವುದಿಲ್ಲ. ಹೆಚ್ಚಿನ ತುಣುಕುಗಳಲ್ಲಿ ಧ್ವನಿಯೂ ಇರುವುದಿಲ್ಲ. ಅವನು 'ಸಾರ್, ಇದು ನಾಲ್ಕನೇ ಕ್ರಾಸಾ?' ಎಂದು ಕೇಳಿದ್ದರೂ ನಮಗೆ ಕೇಳಿಸದು. ಗೇಟಿನ ಹತ್ತಿರ ನಿಲ್ಲುತ್ತಾನೆ, ಬಾಗಿ ನೋಡುತ್ತಾನೆ, ಫೋನ್ ತೆಗೆಯುತ್ತಾನೆ, ಮುಂದಿನ ಮನೆಗೆ ಹೋಗಿ ಮತ್ತೆ ಅದನ್ನೇ ಮಾಡುತ್ತಾನೆ. ಗುಂಪಿನ ಕಣ್ಣಿಗೆ ಇದು ಮನೆ ಗುರುತು ಮಾಡಿಕೊಳ್ಳುವ ಕಳ್ಳನ ಕೆಲಸ. ಆದರೆ ಬೆಂಗಳೂರಿನಲ್ಲಿ ಒಂದು ವಿಳಾಸ ಹುಡುಕಿದ ಯಾರಿಗಾದರೂ ಈ ಚಲನೆ ಗೊತ್ತು. ಹಳೇ ನಂಬರು ಒಂದು, ಹೊಸ ನಂಬರು ಇನ್ನೊಂದು. ಮೂರನೇ ಮೇನ್ ಇದ್ದಕ್ಕಿದ್ದಂತೆ ಮುಗಿದು ಪಾರ್ಕಿನ ಆಚೆ ಮತ್ತೆ ಶುರುವಾಗುತ್ತದೆ. ಪಾರ್ಸೆಲ್ ಹಿಡಿದು ಬಂದವನು ಗೇಟು ಗೇಟಿಗೂ ಬಾಗಿ ನೋಡದೆ ಇನ್ನೇನು ಮಾಡಬೇಕು? 2025ರ ಸೆಪ್ಟೆಂಬರಿನಲ್ಲಿ ಶುರುವಾದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮೊದಲು ವಿದ್ಯುತ್ ಮೀಟರ್ ಓದುವವರು ಮನೆಮನೆಗೆ ಹೋಗಿ ಗೋಡೆಗೆ ಸ್ಟಿಕ್ಕರ್ ಅಂಟಿಸಿದ್ದರು. ಮೇಲಿನ ಕ್ಯಾಮೆರಾಕ್ಕೆ ಅದೂ ಮನೆಗೆ ಗುರುತು ಹಾಕುವ ಕೆಲಸವೇ.

ಅಪರಿಚಿತರ ಭಯ ವಾಟ್ಸ್‌ಆ್ಯಪ್‌ನ ಜೊತೆ ಹುಟ್ಟಿದ್ದಲ್ಲ. ಹಳ್ಳಿಗೆ ಹೊಸಬರು ಕಾಲಿಟ್ಟರೆ ಕಟ್ಟೆಯ ಮೇಲಿಂದಲೇ ಪ್ರಶ್ನೆ ಬರುತ್ತಿತ್ತು: 'ಯಾವೂರಾಯ್ತಪ್ಪಾ? ಯಾರ ಮನೆಗೆ?' ಎತ್ತಿನ ಮೇಲೆ ಬರುವ ಹೆಳವರು, ನಸುಕಿನಲ್ಲಿ ಬರುವ ಬುಡಬುಡಿಕೆಯವರು, ಹಗಲುವೇಷದವರು, ಕೊರವಂಜಿಯರು ವರ್ಷಕ್ಕೊಮ್ಮೆ ಬರುವ ಅಪರಿಚಿತರು. ಹೆಳವರಂತೂ ಮನೆತನದ ವಂಶಾವಳಿಯನ್ನು ಮನೆಯವರಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಈ ಹಳೆಯ ಕ್ರಮಕ್ಕೆ ಒಂದು ಗುಣವಿತ್ತು. ಪ್ರಶ್ನೆ ಮುಖಕ್ಕೆ ಮುಖ ಕೊಟ್ಟು ಬರುತ್ತಿತ್ತು, ಎದುರಿನವನಿಗೆ ಉತ್ತರ ಹೇಳಲು ಎಡೆ ಇರುತ್ತಿತ್ತು.

ಹಾಗೆಂದು ಹಿಂದಿನದೆಲ್ಲ ಚಿನ್ನ ಎನ್ನುವಂತಿಲ್ಲ. 'ಯಾರ ಪೈಕಿ?' ಎಂಬ ಪ್ರಶ್ನೆಯ ಒಳಗೆ ಜಾತಿ ಕೂತಿತ್ತು. ಅಲೆಮಾರಿಗಳ ಮೇಲಿನ ಗುಮಾನಿಗೆ ಸರ್ಕಾರದ ಮುದ್ರೆಯೂ ಬಿದ್ದಿತ್ತು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತು. 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂದಾಗ ಕೊರಚ, ಕೊರವರಂಥವರು ಅದರ ಬಾಯಿಗೆ ಬಿದ್ದರು. ಊರು ಬಿಡಬೇಕಾದರೆ ಅಪ್ಪಣೆ, ಠಾಣೆಯಲ್ಲಿ ಹಾಜರಿ. ಮುಂಬಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿಯಲ್ಲಿ ಇಂಥವರನ್ನು ಕೂಡಿಹಾಕಿದ್ದ ಜಾಗಕ್ಕೆ ಸೆಟ್ಲಮೆಂಟ್ ಎಂಬ ಹೆಸರು ಇವತ್ತಿಗೂ ಅಂಟಿಕೊಂಡಿದೆ. 1952ರಲ್ಲಿ ಕಾಯ್ದೆ ರದ್ದಾಯಿತು. ನಮ್ಮ ಗುಂಪಿಗೆ ಬರುವ ಎಚ್ಚರಿಕೆಗಳು ಯಾರನ್ನು ಆರಿಸಿಕೊಳ್ಳುತ್ತವೆ ಎಂದು ನೋಡಿದರೆ, ಆ ಪಟ್ಟಿ ನಮ್ಮ ತಲೆಯಿಂದ ಇನ್ನೂ ರದ್ದಾಗಿಲ್ಲ.

1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಹಬ್ಬಿದ್ದ 'ನಾಳೆ ಬಾ' ಗಾಳಿಸುದ್ದಿಯನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡಬೇಕು. ರಾತ್ರಿ ಹೊತ್ತು ಒಂದು ಹೆಣ್ಣುದೆವ್ವ ಮನೆಯವರದೇ ದನಿಯಲ್ಲಿ ಬಾಗಿಲು ಬಡಿಯುತ್ತದೆ, ತೆರೆದರೆ ಸಾವು ಎಂಬ ಮಾತು. ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರು, ದೆವ್ವ ಓದಿಕೊಂಡು ಹೋಯಿತು, ಮಾರನೆಯ ದಿನವೂ ಅದೇ ಬರಹ. ಮೂಢನಂಬಿಕೆ ಎಂದು ನಾವು ನಕ್ಕೆವು. ಆದರೆ ಆ ಭಯದಲ್ಲಿ ಒಂದು ಮರ್ಯಾದೆ ಇತ್ತು. ಪ್ರತಿಯೊಬ್ಬರೂ ತಮ್ಮ ಭಯವನ್ನು ತಮ್ಮ ಬಾಗಿಲ ಮೇಲೆ ಬರೆದುಕೊಂಡರು. ಯಾರ ಫೋಟೊವನ್ನೂ ಹಂಚಲಿಲ್ಲ.

ಹಂಚಿದರೆ ಏನಾಗುತ್ತದೆ ಎಂಬುದನ್ನು 2018 ತೋರಿಸಿತು. ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿಯ ಜೊತೆ ಒಂದು ವಿಡಿಯೊ ಫೋನಿನಿಂದ ಫೋನಿಗೆ ಹಾರಿತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲೆಂದು ನಟರನ್ನಿಟ್ಟು ತೆಗೆದ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸು ತಂದುಬಿಡುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಕೈ ಕಟ್ಟಿ ಬಡಿದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಭಿಕ್ಷೆಗೆ ಬಂದಿದ್ದ ಅಲೆಮಾರಿ ಗೋಸಾವಿ ಸಮುದಾಯದ ಐವರನ್ನು ಕೊಂದರು.

ಜುಲೈ 13ರ ಸಂಜೆ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ನಡೆದದ್ದು ಈ ಬರಹದ ಕೆಲಸವನ್ನು ತೀರ ಹತ್ತಿರದಿಂದ ತೋರಿಸುತ್ತದೆ. ಹೈದರಾಬಾದ್ ಕಡೆಯಿಂದ ಸ್ನೇಹಿತರು ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಒಂದು ಊರಿನ ಬಳಿ ನಿಂತಾಗ ಅವರಲ್ಲೊಬ್ಬರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಲ್ಲಿದ್ದವರು ತಡೆದು ಕೇಳಿದರು, ಮಾತಿಗೆ ಮಾತು ಬೆಳೆಯಿತು, ಹೆದರಿದವರು ಕಾರು ಹತ್ತಿ ಹೊರಟರು. ಕಾರಿಗಿಂತ ಮುಂಚೆ ಸಂದೇಶ ಮುರ್ಕಿಗೆ ತಲುಪಿತ್ತು, ರಸ್ತೆಗೆ ಅಡ್ಡಗಟ್ಟಿದ್ದರು. ಕಾರು ಉರುಳಿತು, ಜನ ಎಳೆದು ಬಡಿದರು, ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟು ಬಿತ್ತು. 32 ವರ್ಷದ ಎಂಜಿನಿಯರ್ ಒಬ್ಬರು ಸತ್ತರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆ ನಮ್ಮಲ್ಲಿದೆ. ಇಲ್ಲಿ ಕಟ್ಟಿದ್ದು ಮನುಷ್ಯರನ್ನು. ಮೊದಲ ಊರಿನಲ್ಲಿ ನಡೆದದ್ದು ಜಗಳ, ಅಲ್ಲಿ ಎದುರುಬದುರು ಮಾತಿಗೆ ಇನ್ನೂ ಜಾಗವಿತ್ತು. ಎರಡನೆಯ ಊರಿನವರ ಬಳಿ ಇದ್ದದ್ದು ಬರಿ ಸಂದೇಶ, ಅದು ಮಾತಿಗೆ ಜಾಗ ಬಿಟ್ಟಿರಲಿಲ್ಲ.

ಆಮೇಲೆ ತಿದ್ದುವ ಕೆಲಸ ನಡೆಯಿತು. ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೆ ಕಳಿಸಲು ಮಿತಿ ಹಾಕಿತು. ಜುಲೈ 17ರಂದು ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗುಂಪುದಾಳಿ ತಡೆಯಲು ಪ್ರತಿ ಜಿಲ್ಲೆಯಲ್ಲೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕೆಂದಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಕಲಂ, ಐದು ಅಥವಾ ಹೆಚ್ಚು ಮಂದಿ ಸೇರಿ ಜಾತಿ, ಭಾಷೆ, ಹುಟ್ಟಿದ ಸ್ಥಳದಂಥ ಕಾರಣಕ್ಕೆ ಮಾಡುವ ಕೊಲೆಯನ್ನು ಪ್ರತ್ಯೇಕವಾಗಿ ಹೆಸರಿಸಿತು. ಇವೆಲ್ಲ ಬೇಕಾದವೇ. ಆದರೆ ನಮ್ಮ ಗಲ್ಲಿಯ ಸಂದೇಶಕ್ಕೆ ಫಾರ್ವರ್ಡ್ ಮಿತಿ ತಾಗುವುದಿಲ್ಲ. ಅದು ಎಲ್ಲಿಂದಲೋ ಬಂದದ್ದಲ್ಲ, ಎದುರು ಮನೆಯವರು ತಾವೇ ಟೈಪ್ ಮಾಡಿದ್ದು. ಅದಕ್ಕೆ ನಂಬಿಕೆ ಹೆಚ್ಚು, ಪರಿಶೀಲನೆ ಕಡಿಮೆ.

ಇಷ್ಟು ಹೇಳಿದ ಮೇಲೆ ಭಯಪಡುವವರ ಪರವಾಗಿಯೂ ಮಾತಾಡಬೇಕು. ಬೀಗ ಹಾಕಿದ ಮನೆ ನೋಡಿಟ್ಟುಕೊಂಡು ಬರುವ ಕಳ್ಳರು ಕಟ್ಟುಕತೆಯಲ್ಲ. ಬಾಗಿಲಲ್ಲಿ ಎರಡು ದಿನದ ಪೇಪರು, ಹಾಲಿನ ಪ್ಯಾಕೆಟ್ಟು ಬಿದ್ದಿರುವುದನ್ನು ಗಮನಿಸುವವರಿದ್ದಾರೆ. ಮಕ್ಕಳೆಲ್ಲ ಹೊರದೇಶದಲ್ಲಿದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ಇರುವ ಹಿರಿಯರಿಗೆ ಗೇಟಿನ ಸದ್ದು ಬರಿ ಸದ್ದಲ್ಲ. ಟ್ಯೂಶನ್ ಮುಗಿಸಿ ಒಬ್ಬಳೇ ಬರುವ ಹುಡುಗಿಗೆ ಹಿಂದಿನಿಂದ ಬರುವ ಹೆಜ್ಜೆಯ ಲೆಕ್ಕ ಬೇಕೇ ಬೇಕು. ಅವರಿಗೆ 'ಸುಮ್ಮನೆ ಹೆದರಬೇಡಿ' ಎಂದು ಉಪದೇಶ ಮಾಡುವುದು ಸುಲಭ, ಅದು ನ್ಯಾಯವಲ್ಲ. ಇದೇ ಗುಂಪುಗಳು ಮರೆವಿನ ಕಾಯಿಲೆಯಿಂದ ದಾರಿ ತಪ್ಪಿದ ಅಜ್ಜನನ್ನು ಒಂದೇ ಗಂಟೆಯಲ್ಲಿ ಮನೆ ಸೇರಿಸಬಲ್ಲವು ಎಂಬುದೂ ನಿಜ. ಹಾಗೆ ಅಲೆಯುವ ಅಜ್ಜ ಮತ್ತು 'ಅನುಮಾನಾಸ್ಪದ ವ್ಯಕ್ತಿ' ಕ್ಯಾಮೆರಾದಲ್ಲಿ ಒಂದೇ ಥರ ಕಾಣುತ್ತಾರೆ ಎಂಬುದು ಇನ್ನೂ ದೊಡ್ಡ ನಿಜ.

ಹಾಗಾಗಿ ನನ್ನ ತಕರಾರು ಭಯದ ಮೇಲಲ್ಲ, ಈ ಬರಹ ಭಯವನ್ನು ಬಳಸುವ ರೀತಿಯ ಮೇಲೆ. ಒಂದು, ಇದು ಅಪಾಯವನ್ನು ತಪ್ಪು ಕಡೆ ತೋರಿಸುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷದಿಂದ ವರ್ಷಕ್ಕೆ ಕೊಡುವ ಅಂಕಿಅಂಶಗಳಲ್ಲಿ ಅತ್ಯಾಚಾರದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ: ನೆಂಟ, ನೆರೆಯವ, ಗೆಳೆಯ. ಎರಡು, ಇದು ಕೆಲಸವನ್ನು ಯಾರಿಗೂ ವಹಿಸುವುದಿಲ್ಲ. ಮೆಸೇಜ್ ಹಾಕಿದವರು 'ನಾನು ಹೇಳಿದೆ' ಎಂದು ಕೈತೊಳೆದುಕೊಳ್ಳುತ್ತಾರೆ, ಓದಿದ ಇನ್ನೂರು ಜನ 'ಯಾರಾದರೂ ಪೊಲೀಸರಿಗೆ ಹೇಳಿರುತ್ತಾರೆ' ಎಂದುಕೊಳ್ಳುತ್ತಾರೆ, ಠಾಣೆಗೆ ಯಾರೂ ಫೋನ್ ಮಾಡಿರುವುದಿಲ್ಲ. ಮೂರು, ಇದಕ್ಕೆ ಕೊನೆಯೇ ಇಲ್ಲ. ಅವನು ಕೇಬಲ್ ರಿಪೇರಿಗೆ ಬಂದವನು ಎಂದು ಸಂಜೆ ಗೊತ್ತಾದರೂ ಆ ವಿಷಯ ಬೆಳಗಿನ ಫೋಟೊ ಹೋದ ಕಡೆಯೆಲ್ಲ ಹೋಗುವುದಿಲ್ಲ. ಕರಾಚಿಯ ವಿಡಿಯೊದಂತೆ ನಮ್ಮ ಗಲ್ಲಿಯ ಕತೆಗೂ ಕೊನೆ ಕತ್ತರಿಸಿಹೋಗಿರುತ್ತದೆ.

ಒಳ್ಳೆಯ ಎಚ್ಚರಿಕೆ ಹೇಗಿರಬೇಕು? 'ಮಧ್ಯಾಹ್ನ ಎರಡೂವರೆಗೆ ಹದಿನೆಂಟನೇ ನಂಬರ್ ಮನೆಯ ಕಾಂಪೌಂಡ್ ಹಾರಿ ಒಬ್ಬ ಒಳಗಿಳಿದ. ನಾನು ಕೂಗಿದೆ, ಓಡಿದ. 112ಕ್ಕೆ ಫೋನ್ ಮಾಡಿದ್ದೇನೆ, ಹೊಯ್ಸಳ ಗಸ್ತು ವಾಹನ ಬರುತ್ತಿದೆ. ಹೆಚ್ಚಿನ ವಿಷಯ ಗೊತ್ತಾದರೆ ಇಲ್ಲೇ ತಿಳಿಸುತ್ತೇನೆ.' ಇಲ್ಲಿ ನಡೆದದ್ದೇನು ಎಂಬುದು ಇದೆ, ಹೊತ್ತು ಇದೆ, ಜಾಗ ಇದೆ, ಹೇಳಿದವರು ಹೊಣೆ ಹೊತ್ತಿದ್ದಾರೆ. ಮುಖ, ಭಾಷೆ, ಬಟ್ಟೆ ಇಲ್ಲ. ಚಿತ್ರ ಇದ್ದರೆ ಅದು ಹೋಗಬೇಕಾದದ್ದು ಪೊಲೀಸರಿಗೆ. ಮಗುವಿನ ವಿಷಯದಲ್ಲಿ ಆತಂಕವಾದರೆ ಮಕ್ಕಳ ಸಹಾಯವಾಣಿ 1098 ಇದೆ. ಈ ಎರಡು ಬರಹಗಳನ್ನು ಪಕ್ಕಪಕ್ಕ ಇಟ್ಟು ಓದಿದ ಯಾರಿಗೂ ಯಾವುದು ಕಾಯುತ್ತದೆ, ಯಾವುದು ಕೊಲ್ಲಬಲ್ಲದು ಎಂದು ವಿವರಿಸಿ ಹೇಳಬೇಕಿಲ್ಲ.

ಎಲ್ಲಕ್ಕಿಂತ ಮೊದಲು ಮಾಡಬಹುದಾದ ಇನ್ನೊಂದು ಕೆಲಸವಿದೆ, ಅದಕ್ಕೆ ಫೋನೂ ಬೇಡ. ಗ್ರಿಲ್ಲಿನ ಒಳಗೆ ನಿಂತೇ ಗಟ್ಟಿಯಾಗಿ 'ಯಾರ ಮನೆ ಬೇಕಿತ್ತು?' ಎಂದು ಕೇಳುವುದು. ವಿಳಾಸ ಹುಡುಕುವವನಿಗೆ ಅದರಿಂದ ದಾರಿ ಸಿಗುತ್ತದೆ. ಕಳ್ಳನಿಗೆ ತಾನು ಕಣ್ಣಿಗೆ ಬಿದ್ದಿದ್ದೇನೆ ಎಂದು ತಿಳಿಯುತ್ತದೆ.

ನನ್ನ ತೀರ್ಮಾನ ಇಷ್ಟು. ಸುರಕ್ಷತೆಯ ಸಾಧನವಾಗಿ 'ಅನುಮಾನಾಸ್ಪದ ವ್ಯಕ್ತಿ' ಸಂದೇಶ ಸೋತಿದೆ, ಏಕೆಂದರೆ ಅದು ಕಳ್ಳನನ್ನು ಹಿಡಿಯಲು ಬೇಕಾದ ಯಾವ ವಿವರವನ್ನೂ ಕೊಡುವುದಿಲ್ಲ, ಅಮಾಯಕನನ್ನು ಹಿಡಿಯಲು ಸಾಕಾಗುವಷ್ಟನ್ನು ಮಾತ್ರ ಕೊಡುತ್ತದೆ. ಮುಂದಿನ ಸಲ ಅಂಥ ಫೋಟೊ ನಿಮ್ಮ ಗುಂಪಿಗೆ ಬಂದಾಗ 'ಹುಷಾರು' ಎಂದು ಬರೆಯುವ ಮುಂಚೆ ಎರಡು ಪ್ರಶ್ನೆ ಹಾಕಿ: 'ಅವನು ಏನು ಮಾಡಿದ? ಪೊಲೀಸರಿಗೆ ಹೇಳಿದಿರಾ?' ಎರಡಕ್ಕೂ ಉತ್ತರ ಬರದಿದ್ದರೆ ಆ ಫೋಟೊ ಅಳಿಸಲು ಅಡ್ಮಿನ್‌ಗೆ ಹೇಳಿ.