ನಾಳೆಯೂ ಬರುವವರ ಹೋಟೆಲು

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಚನ್ನರಾಯಪಟ್ಟಣದ ಆಸುಪಾಸು ಕಾರು ನಿಲ್ಲಿಸಿ, ಒಂದು ಮಸಾಲೆ ದೋಸೆ ತಿಂದು ಹೊರಟವರು ಹಾಸನ ಜಿಲ್ಲೆಯ ಹೋಟೆಲುಗಳ ಬಗ್ಗೆ ಕೊಡುವ ತೀರ್ಪನ್ನು ನಾನು ಲೆಕ್ಕಕ್ಕಿಡುವುದಿಲ್ಲ. ಹೊಗಳಿದರೂ ಅಷ್ಟೆ, ತೆಗಳಿದರೂ ಅಷ್ಟೆ. ಆ ಹೋಟೆಲುಗಳು ನಡೆಯುವುದೇ ಹಾದುಹೋಗುವವರಿಂದ. ಇವತ್ತು ತಿಂದವನು ಮತ್ತೆ ಆ ಕಡೆ ಸುಳಿಯುವುದು ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹರಕೆ ಹೊತ್ತಾಗ. ಚಟ್ನಿ ನೀರಾಗಿದೆ ಎಂದು ಜಗಳ ಕಾಯುವಷ್ಟು ಪುರುಸೊತ್ತು ಅವನಿಗಿಲ್ಲ. ಬಸ್ಸಿನ ಹಾರನ್ ಕೇಳಿದರೆ ಅರ್ಧಕ್ಕೇ ಎದ್ದು ಓಡುತ್ತಾನೆ. ಅರಕಲಗೂಡಿನ ಗಿರಾಕಿ ಹಾಗಲ್ಲ. ನಾಳೆ ಬೆಳಿಗ್ಗೆಯೂ ಅದೇ ಬೆಂಚಿನ ಮೇಲೆ ಕೂತು ನಿನ್ನೆಯ ಉಪ್ಪಿನ ಲೆಕ್ಕ ಕೇಳುತ್ತಾನೆ. ಅಡುಗೆ ಮಾಡಿದವನು ಉಂಡವನ ಮುಖವನ್ನು ನಾಳೆಯೂ ನೋಡಬೇಕೋ ಬೇಡವೋ ಎನ್ನುವುದರ ಮೇಲೆಯೇ ನಮ್ಮ ಕಡೆಯ ಹೋಟೆಲುಗಳ ರುಚಿ ನಿಂತಿದೆ ಎಂಬುದು ನನ್ನ ವಾದ.

ಚನ್ನರಾಯಪಟ್ಟಣಕ್ಕೆ ಹೆದ್ದಾರಿ ಸಾಲದು ಎಂಬಂತೆ ಶ್ರವಣಬೆಳಗೊಳವೂ ಪಕ್ಕದಲ್ಲಿದೆ. ಗೊಮ್ಮಟನ ಮಹಾಮಸ್ತಕಾಭಿಷೇಕ ನಡೆದದ್ದು 2018ರಲ್ಲಿ, ಆದರೆ ಉತ್ತರದ ಯಾತ್ರಿಕರು ಯಾವ ವರ್ಷವೂ ತಪ್ಪುವುದಿಲ್ಲ. ಹಾಗಾಗಿ ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ರೋಟಿ, ಪನೀರು, ಗೋಬಿ ಎಲ್ಲ ಉಂಟು. ಸುತ್ತ ತೆಂಗಿನ ತೋಟಗಳಿರುವ ಈ ಸೀಮೆಯಲ್ಲಿ ಒತ್ತು ಶಾವಿಗೆ, ಕಾಯಿಹಾಲು ಮಾತ್ರ ಕೇಳಬೇಡಿ. ಪೇಟೆಯೊಳಗಿನ ಸಣ್ಣ ಹೋಟೆಲಿಗೆ ಹೊಕ್ಕರೆ ಇಡ್ಲಿಯ ಜೊತೆ ಗಟ್ಟಿ ಕಾಯಿಚಟ್ನಿ ಬರುತ್ತದೆ. ಎರಡನೇ ಸಲ ಕೇಳಿದರೆ ಬಡಿಸುವವನು ಮುಖ ಗಂಟಿಕ್ಕುವುದೂ ಇಲ್ಲ.

ಹಾಸನದಲ್ಲಿ ನನ್ನ ತಕರಾರು ಆಲೂಗಡ್ಡೆಯದು. ಮುಂಗಾರಿಗೆ ಮುಂಚೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆ ಲಾರಿಗಟ್ಟಲೆ ಬಂದು ಇಲ್ಲಿನ ಎಪಿಎಂಸಿಯಲ್ಲಿ ಇಳಿಯುತ್ತದೆ. ಅಂಗಮಾರಿ ರೋಗಕ್ಕೆ ಹೆದರಿ ಎಷ್ಟೋ ರೈತರು ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದರು. ಆದರೂ ಆಲೂಗಡ್ಡೆಯ ಊರೆಂಬ ಹೆಸರು ಅಳಿದಿಲ್ಲ. ಇಂಥ ಊರಿನಲ್ಲಿ ಮಸಾಲೆ ದೋಸೆಯೊಳಗಿನ ಪಲ್ಯ ಅರಿಶಿನದ ಗಂಜಿಯಂತಿದ್ದರೆ ಸಹಿಸುವುದು ಹೇಗೆ? ಗಡ್ಡೆಯನ್ನು ಹದವಾಗಿ ಬೇಯಿಸಿ, ಆರಿಸಿ, ಕೈಯಲ್ಲೇ ಮುರಿಯಬೇಕು. ಈರುಳ್ಳಿ ಮೆತ್ತಗಾದ ಮೇಲೆ ಬೆರೆಸಿ ಇಳಿಸಿಬಿಡಬೇಕು. ತಿನ್ನುವಾಗ ಹೋಳು ಹಲ್ಲಿಗೆ ಸಿಗಬೇಕು. ನಸುಕಿನಲ್ಲಿ ಮಾಡಿದ್ದಕ್ಕೆ ಹತ್ತು ಗಂಟೆಗೆ ನೀರು ಹೊಯ್ದು ಮತ್ತೆ ಒಲೆಗಿಟ್ಟರೆ ಅದು ಪಲ್ಯವಾಗಿ ಉಳಿಯುವುದಿಲ್ಲ. ಕಾಫಿಯ ಕಥೆಯೂ ಇದೇ. ಸಕಲೇಶಪುರದ ತೋಟಗಳು ಇದೇ ಜಿಲ್ಲೆಯಲ್ಲಿವೆ, ಆದರೆ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಲೋಟದಲ್ಲಿ ಸಿಗುವುದು ಹೆಚ್ಚಾಗಿ ಚಿಕೋರಿಯ ಕಹಿ, ಅದನ್ನು ಮುಚ್ಚಲು ಎರಡು ಚಮಚ ಸಕ್ಕರೆ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಂತೂ ಊರಿನವರು ಹೋಟೆಲಿಗೆ ಹೋಗದಿರುವುದೇ ವಾಸಿ.

ಕರಾವಳಿಯಿಂದ ಘಟ್ಟ ಹತ್ತಿ ಬಂದವರು ನಮಗೆ ಹೋಟೆಲಿನ ಶಿಸ್ತು ಕಲಿಸಿದರು. ಆ ಋಣ ದೊಡ್ಡದು. ಹೊತ್ತಿಗೆ ಸರಿಯಾಗಿ ತಿಂಡಿ, ಒರೆಸಿದ ಮೇಜು, ಹಬೆಯಾಡುವ ಇಡ್ಲಿ ಎಲ್ಲ ಅವರದೇ ರೂಢಿ. ಬೆಲ್ಲ ಮುಂದಾದ ಆ ಸಾಂಬಾರಿಗೆ ನನ್ನ ನಾಲಿಗೆ ಇನ್ನೂ ಒಗ್ಗಿಲ್ಲ, ಅದು ಬೇರೆ ಮಾತು. ಅತ್ತ ನಮ್ಮ ಜಿಲ್ಲೆಯವರಿಗೂ ಪರಊರಿನಲ್ಲಿ ಅಂಗಡಿ ಹಾಕಿ ಗೆಲ್ಲುವ ಕೈ ಇತ್ತು. 1898ರಲ್ಲಿ ಬೆಂಗಳೂರಿನಲ್ಲಿ ಬಿ.ಬಿ. ಬೇಕರಿ ತೆರೆದ ಎಚ್.ಎಸ್. ತಿರುಮಲಾಚಾರ್ ಹಾಸನದವರು. ಆಮೇಲೆ ರಾಜ್ಯದ ಬೀದಿ ಬೀದಿಗೆ ಹಬ್ಬಿದ ಅಯ್ಯಂಗಾರ್ ಬೇಕರಿಗಳ ಬೇರು ಬಹುಪಾಲು ಈ ಕಡೆಯ ಹಳ್ಳಿಗಳಲ್ಲೇ ಇದೆ. ಬೆಂಗಳೂರಿಗೆ ಬ್ರೆಡ್ಡು ಬನ್ನು ತಿನ್ನಿಸಿದ ಜಿಲ್ಲೆ ತನ್ನ ಊರಿಗೆ ಬಂದವರಿಗೆ ಬಸ್ಸಾರು, ಉಪ್ಸಾರು, ಹಿದಕಿದ ಅವರೆಕಾಳು ಸಾರು ಬಡಿಸಲು ಯಾಕೋ ಹಿಂಜರಿಯಿತು. ಮನೆಯಲ್ಲಿ ದಿನವೂ ಉಣ್ಣುವುದನ್ನು ದುಡ್ಡು ಕೊಟ್ಟು ಯಾರು ತಿಂತಾರೆ ಎಂಬ ಲೆಕ್ಕಾಚಾರ ಇದ್ದೀತು.

ಆ ಹಿಂಜರಿಕೆ ಇಲ್ಲದ್ದು ಮಿಲಿಟರಿ ಹೋಟೆಲುಗಳಿಗೆ. ಇದರಲ್ಲಿ ಹೊಳೆನರಸೀಪುರಕ್ಕೆ ನನ್ನ ಮೊದಲ ಮಣೆ. ಹೇಮಾವತಿ ದಂಡೆಯ ಊರು, ಗದ್ದೆಯ ಸೀಮೆ, ಆದರೂ ಮಧ್ಯಾಹ್ನದ ಎಲೆಗೆ ಮುದ್ದೆ ಬೀಳಲೇಬೇಕು. ಮುದ್ದೆಯಲ್ಲಿ ಮೋಸ ನಡೆಯುವುದಿಲ್ಲ: ಎದುರಿಗೆ ಕೂತವನು ಹುಟ್ಟಿದಾಗಿನಿಂದ ರಾಗಿ ಉಂಡವನು, ಮುರಿದ ಕೂಡಲೇ ಒಳಗಿನ ಗಂಟು ಹಿಡಿಯುತ್ತಾನೆ. ಬೋಟಿ, ತಲೆಮಾಂಸ, ಹುರಿದ ಖಾರಕ್ಕೆ ಕಾಯಿ ರುಬ್ಬಿ ಹಾಕಿದ ನಾಟಿ ಕೋಳಿ ಸಾರು. “ಅಣ್ಣಾ, ಸಾರು ಬಿಡ್ಲಾ?” ಎಂದು ಬಡಿಸುವವನು ಕೇಳುವುದು ನೆಪಕ್ಕೆ, ಸೌಟು ಆಗಲೇ ಎಲೆಯ ಮೇಲಿರುತ್ತದೆ. ದೇವೇಗೌಡರ ಊರಾದ್ದರಿಂದ ಪಕ್ಕದ ಮೇಜಿನ ರಾಜಕೀಯ ಬಿಟ್ಟಿ. ಈಚೆಗೆ ಇಲ್ಲಿಗೂ ದೊನ್ನೆ ಬಿರಿಯಾನಿಯ ಬೋರ್ಡು ಬಂದಿದೆ. ತಿನ್ನುವವರು ತಿನ್ನಲಿ.

ಅರಕಲಗೂಡಿನಲ್ಲಿ ಆಯ್ಕೆ ಕಡಿಮೆ. ತಾಲ್ಲೂಕಿನ ದುಡ್ಡು ಓಡಾಡುವುದು ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಲ್ಲಿ; ಹರಾಜಿನ ಕಾಲದಲ್ಲಿ ಅಲ್ಲಿನ ಸಣ್ಣ ಹೋಟೆಲುಗಳಿಗೆ ಕೈ ಬಿಡುವಿರುವುದಿಲ್ಲ. ಅರಕಲಗೂಡು ಪೇಟೆಯ ಹೋಟೆಲುಗಳಲ್ಲಿ ನನಗೆ ಹಿಡಿಸಿದ್ದು ಅಕ್ಕಿರೊಟ್ಟಿ, ಅದರ ಜೊತೆಗೆ ಹುಚ್ಚೆಳ್ಳು ಚಟ್ನಿ ಕೊಡುವ ಪುಣ್ಯಾತ್ಮರು. ಹಿಟ್ಟು ಮುಗಿದರೆ ಮುಗಿಯಿತು, ನಿನ್ನೆಯದನ್ನು ಕಾಯಿಸಿ ಕೊಡುವ ಪದ್ಧತಿ ಕಾಣೆ.

ಇಷ್ಟೆಲ್ಲ ಹೊಗಳಿದ ಈ ಸಣ್ಣ ಹೋಟೆಲುಗಳ ಹುಳುಕನ್ನೂ ಹೇಳಬೇಕು. ದಿನಾ ಬರುವ ಗಿರಾಕಿ ಎಂದೆನಲ್ಲ, ಅವನು ಹೆಚ್ಚಿನಂಶ ಗಂಡಸು. ತಾಲ್ಲೂಕು ಕಚೇರಿಗೋ ಆಸ್ಪತ್ರೆಗೋ ಹಳ್ಳಿಯಿಂದ ಬಂದ ಹೆಂಗಸು ಆ ಬೆಂಚಿನ ಸಾಲಿನಲ್ಲಿ ಎಲ್ಲಿ ಕೂರಬೇಕು? ಮಿಲಿಟರಿ ಹೋಟೆಲಿನ ಮೆಟ್ಟಿಲು ಹತ್ತಲು ಅವಳಿಗೆ ಸಂಕೋಚ, ತಿಂಡಿ ಹೋಟೆಲಿನಲ್ಲಿ ಕೈ ತೊಳೆಯುವ ತೊಟ್ಟಿಯ ಸುತ್ತ ಕೊಚ್ಚೆ, ಶೌಚಾಲಯದ ಮಾತೇ ಇಲ್ಲ. ಬೇಕರಿಯ ಮುಂದೆ ನಿಂತು ಒಂದು ಬನ್ನು ತಿಂದು, ಮಕ್ಕಳಿಗೆ ಎರಡು ಕಟ್ಟಿಸಿಕೊಂಡು ಬಸ್ಸು ಹತ್ತುತ್ತಾಳೆ. ನಾನು ಮೂಗು ಮುರಿದ ಹೆದ್ದಾರಿ ಹೋಟೆಲಿನಲ್ಲಿ ಅವಳು ಹಾಯಾಗಿ ಕೂತು ಉಣ್ಣಬಹುದು. ಆದರೆ ಅಲ್ಲಿಗೆ ಹೋಗಲು ಕಾರು ಬೇಕು, ಬೆಲೆಯೂ ಕಾರಿನವರಿಗೆ ತಕ್ಕದ್ದು. ಊರೊಳಗಿನ ಹೋಟೆಲಿನವರು ಒಂದು ಕೊಠಡಿ, ಒಂದು ನಲ್ಲಿ, ಚಿಲಕವಿರುವ ಬಾಗಿಲಿಗೆ ದುಡ್ಡು ಹಾಕಿದರೆ ಗಿರಾಕಿ ಇಮ್ಮಡಿಯಾದಾರು. ಮುದ್ದೆಯ ಬಗ್ಗೆ ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ನೆಂಟರು ಕೇಳಿದಾಗ ನಾನು ಕೊಡುವ ಉತ್ತರ ಇಷ್ಟೆ. ಬೆಳಗಿನ ರೊಟ್ಟಿಗೆ ಅರಕಲಗೂಡು, ಮಧ್ಯಾಹ್ನದ ಮುದ್ದೆಗೆ ಹೊಳೆನರಸೀಪುರ. ಹಾಸನದಲ್ಲಿ ದೋಸೆ ತಿನ್ನುವುದಾದರೆ ಎಂಟು ಗಂಟೆಯೊಳಗೆ, ಪಲ್ಯಕ್ಕೆ ನೀರು ಬೀಳುವ ಮೊದಲು. ರಾತ್ರಿ ಹೊತ್ತಾಗಿ ಹಸಿದು ಬರುವುದಾದರೆ ಚನ್ನರಾಯಪಟ್ಟಣದ ಹೆದ್ದಾರಿಯೇ ಗತಿ. ಸಾಂಬಾರು ಸಿಹಿಯಿದ್ದರೆ ನನ್ನನ್ನು ಬೈಯಬೇಡಿ.