ಗುಲಾಬಿ ಚೀಟಿ ಮತ್ತು ಜೂಲಿಯಾಳ ನಿದ್ದೆ

ರಷ್ಯನ್ ಲೇಖಕ ಝಮ್ಯಾಟಿನ್ ಅವರ ‘ವಿ’ ಕಾದಂಬರಿಯಲ್ಲಿ ಮನೆಗಳ ಗೋಡೆಗಳೆಲ್ಲ ಗಾಜಿನವು. ಗುಲಾಬಿ ಬಣ್ಣದ ಚೀಟಿ ತೋರಿಸಿ, ನೋಂದಾಯಿಸಿಕೊಂಡ ಸಂಗಾತಿಯ ಜೊತೆಗಿರುವಾಗ ಮಾತ್ರ ಪರದೆ ಇಳಿಸಬಹುದು. 1924ರಲ್ಲಿ ಇಂಗ್ಲಿಷ್ ಅನುವಾದವಾಗಿ ಮೊದಲು ಅಚ್ಚಾದ ಈ ಕೃತಿ ಸೋವಿಯತ್ ಒಕ್ಕೂಟದಲ್ಲಿ ಪ್ರಕಟವಾಗಲು 1988 ಬರಬೇಕಾಯಿತು. ಕಾಮವನ್ನು ನಿಷೇಧಿಸುವುದಕ್ಕಿಂತ ಪಡಿತರದ ಹಾಗೆ ಹಂಚಿದರೆ ಪ್ರಭುತ್ವದ ಹಿಡಿತ ಬಿಗಿಯಾಗುತ್ತದೆ ಎಂಬುದನ್ನು ಝಮ್ಯಾಟಿನ್ ಅಷ್ಟು ಮೊದಲೇ ಕಂಡಿದ್ದರು. ಹಕ್ಸ್‌ಲಿಯವರ ‘ಬ್ರೇವ್ ನ್ಯೂ ವರ್ಲ್ಡ್’ (1932) ಇದೇ ದಾರಿಯದು: ನಾಲ್ಕು ತಿಂಗಳು ಒಬ್ಬನ ಜೊತೆಗೇ ಓಡಾಡಿದ್ದಕ್ಕೆ ಲೆನಿನಾ ಗೆಳತಿಯಿಂದ ಬೈಸಿಕೊಳ್ಳುತ್ತಾಳೆ.

ಡಿಸ್ಟೋಪಿಯಾ ಕಾದಂಬರಿಗಳನ್ನು ಪ್ರೀತಿಯ ಬಂಡಾಯದ ಕಥೆಗಳೆಂದು ಕೊಂಡಾಡುವುದು ವಿಮರ್ಶೆಯ ರೂಢಿ. ಯಾರ ಬಂಡಾಯ ಎಂದು ಕೇಳಿದರೆ ಆ ಮೆಚ್ಚುಗೆ ಅಷ್ಟು ಸಲೀಸಾಗಿ ಉಳಿಯುವುದಿಲ್ಲ.

ಆರ್ವೆಲ್ ಅವರ ‘1984’ (1949) ತೆಗೆದುಕೊಳ್ಳಿ. ಮಿಲನದಲ್ಲಿ ಖರ್ಚಾಗುವ ಚೈತನ್ಯವನ್ನು ತಡೆದು, ಅದನ್ನೇ ಯುದ್ಧೋನ್ಮಾದವಾಗಿ, ನಾಯಕಪೂಜೆಯಾಗಿ ಆಳುವ ಪಕ್ಷ ತಿರುಗಿಸಿಕೊಳ್ಳುತ್ತದೆ ಎಂಬುದು ಆ ಕಾದಂಬರಿಯ ಅತ್ಯಂತ ಹರಿತವಾದ ರಾಜಕೀಯ ಒಳನೋಟ. ಅದನ್ನು ಬಿಡಿಸಿ ಹೇಳುವವಳು ಕಥಾನಾಯಕ ವಿನ್‌ಸ್ಟನ್‌ನ ಪ್ರೇಯಸಿ ಜೂಲಿಯಾ. ಅಷ್ಟು ತಿಳಿದವಳನ್ನೇ ಆರ್ವೆಲ್, ವಿನ್‌ಸ್ಟನ್ ಪಕ್ಷದ ಶತ್ರು ಗೋಲ್ಡ್‌ಸ್ಟೈನನ ನಿಷೇಧಿತ ಪುಸ್ತಕ ಓದುವಾಗ ಪಕ್ಕದಲ್ಲಿ ಮಲಗಿಸಿಬಿಡುತ್ತಾರೆ. ಅವಳ ಪರಿಚಯವಾಗುವ ಮುಂಚೆ ಅವಳ ಮೇಲೆ ಅತ್ಯಾಚಾರ ಮಾಡಿ ಕೊಲ್ಲುವುದನ್ನು ವಿನ್‌ಸ್ಟನ್ ಕಲ್ಪಿಸಿಕೊಂಡಿರುತ್ತಾನೆ. ಆ ಕಲ್ಪನೆಯನ್ನು ಪಕ್ಷದ ದಮನದ ಖಾತೆಗೆ ಬರೆದು ಕಾದಂಬರಿ ಮುಂದೆ ಸಾಗುತ್ತದೆ. ನನಗೆ ಅದು ಸಾಲದು.

‘ವಿ’ಯಲ್ಲಿ ಎಲ್ಲರೂ ನೆನಪಿಡುವುದು ಕ್ರಾಂತಿಕಾರಿ ಐ-330ಳನ್ನು. ನನ್ನ ಮನಸ್ಸು ಹೋಗುವುದು ಓ-90ಳ ಕಡೆಗೆ. ಸರ್ಕಾರ ಗೊತ್ತುಮಾಡಿದ ‘ತಾಯ್ತನದ ಮಟ್ಟ’ಕ್ಕಿಂತ ಅವಳ ಎತ್ತರ ಹತ್ತು ಸೆಂಟಿಮೀಟರ್ ಕಡಿಮೆ; ಆದ್ದರಿಂದ ಹೆರುವಂತಿಲ್ಲ. ಮರಣದಂಡನೆ ಖಚಿತವೆಂದು ಗೊತ್ತಿದ್ದೂ ಅವಳು ಬಸಿರಾಗುತ್ತಾಳೆ, ನಗರದ ಎಲ್ಲೆಯಾದ ಹಸಿರು ಗೋಡೆ ದಾಟಿ ಹೋಗುತ್ತಾಳೆ. ಕಥೆ ಹೇಳುವ ಡಿ-503ಗೆ ಕೊನೆಯಲ್ಲಿ ಕಲ್ಪನಾಶಕ್ತಿಯನ್ನೇ ಕತ್ತರಿಸಿ ತೆಗೆಯುತ್ತಾರೆ. ಐ-330ಳಿಗೆ ಚಿತ್ರಹಿಂಸೆ ಕೊಡುವುದನ್ನು ಅವನು ನಿರ್ವಿಕಾರವಾಗಿ ನೋಡುತ್ತಾನೆ. ಗೆದ್ದವಳು ಓ-90. ಲೇಖಕರೂ ಅವಳನ್ನು ಅರ್ಧ ಮಗುವಿನಂತೆಯೇ ಚಿತ್ರಿಸಿದ್ದಾರೆ ಎಂಬುದು ಬೇಸರದ ಸಂಗತಿ.

ಪ್ರಭುತ್ವಕ್ಕೆ ಬೇಕಾದದ್ದು ಹಾಸಿಗೆಗಿಂತ ಹೆಚ್ಚಾಗಿ ಗರ್ಭಕೋಶ. ಇದನ್ನು ನೇರವಾಗಿ ಬರೆದವರು ಕ್ಯಾಥರೀನ್ ಬರ್ಡೆಕಿನ್. ‘1984’ಕ್ಕಿಂತ ಹನ್ನೆರಡು ವರ್ಷ ಮೊದಲು, 1937ರಲ್ಲಿ, ಮರ್ರೆ ಕಾನ್‌ಸ್ಟಂಟೈನ್ ಎಂಬ ಗಂಡುಹೆಸರಲ್ಲಿ ಬಂದ ಅವರ ‘ಸ್ವಸ್ತಿಕ ನೈಟ್’ನಲ್ಲಿ ನಾಜಿ ಸಾಮ್ರಾಜ್ಯಕ್ಕೆ ಏಳು ನೂರು ವರ್ಷ ತುಂಬಿದೆ. ಹೆಂಗಸರನ್ನು ತಲೆ ಬೋಳಿಸಿ, ಬೇಲಿಯೊಳಗೆ ಕೂಡಿ, ಹೆರಲಷ್ಟೇ ಬದುಕಿಸಿದ್ದಾರೆ. ಗಂಡಸುತನದ ಆರಾಧನೆಯೇ ಫ್ಯಾಸಿಸಂನ ಬೇರು ಎಂದು ಅವರು ಗುರುತಿಸಿದ್ದರು. ಆ ಬೇರು ಆರ್ವೆಲ್‌ ಕಣ್ಣಿಗೆ ಬೀಳಲಿಲ್ಲ.

ಮಾರ್ಗರೆಟ್ ಆಟ್‌ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ (1985) ಬೆಳೆದದ್ದು ಇದೇ ನೆಲದಲ್ಲಿ. ಹೆರುವುದಕ್ಕೆಂದೇ ಪ್ರಭುತ್ವ ಇಟ್ಟುಕೊಂಡ ಕಥಾನಾಯಕಿ ಆಫ್‌ರೆಡ್, ಲೋಷನ್ ಸಿಗದೆ, ಊಟದ ಬೆಣ್ಣೆಯನ್ನು ಕದ್ದಿಟ್ಟು ಮುಖಕ್ಕೆ ಹಚ್ಚಿಕೊಳ್ಳುತ್ತಾಳೆ. ಮುಂದೊಂದು ದಿನ ಯಾರಾದರೂ ಪ್ರೀತಿಯಿಂದ ಮುಟ್ಟಿಯಾರು ಎಂಬ ಆಸೆಗೆ. ಮನುಷ್ಯರು ಎಲ್ಲೋ ಒಂದು ಕಡೆ ಮಾಡದೇ ಇದ್ದದ್ದನ್ನು ಬರೆಯುವುದಿಲ್ಲ ಎಂಬುದು ಆಟ್‌ವುಡ್ ಹಾಕಿಕೊಂಡ ನಿಯಮ. ಅದಕ್ಕೆ ಉದಾಹರಣೆ ಇತ್ತು: ಚೌಷೆಸ್ಕು ಆಡಳಿತದ ರುಮೇನಿಯಾ 1966ರಲ್ಲಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತ್ತು. ತುರ್ತುಪರಿಸ್ಥಿತಿಯ ಸಂತಾನಹರಣ ಶಿಬಿರಗಳನ್ನು ಕಂಡ ನಮಗೂ ಇದು ಹೊಸದಲ್ಲ. ಪ್ರಯಾಗ್ ಅಕ್ಬರ್ ಅವರ ‘ಲೈಲಾ’ದಲ್ಲಿ (2017) ಮತದ ಗೆರೆ ದಾಟಿ ಮದುವೆಯಾದ ಶಾಲಿನಿಯಿಂದ ಮಗಳನ್ನೇ ಕಿತ್ತುಕೊಳ್ಳುತ್ತಾರೆ.

‘1984’ ಓದಿ ಮುಗಿಸಿದವರು ‘ಸ್ವಸ್ತಿಕ ನೈಟ್’ ಅನ್ನೂ ಹುಡುಕಿ ಓದಿ. ಜೂಲಿಯಾಳ ಮಾತನ್ನು ಕಿವಿಗೊಟ್ಟು ಕೇಳಬೇಕಾದ ಅಧ್ಯಾಯಗಳಿಗೆ ಆಮೇಲೆ ಮತ್ತೊಮ್ಮೆ ಹಿಂದಿರುಗಿ.