ಮುಲಾಮು ಸವೆದ ಕರಡಿಗೆ

ಯಡಿಯೂರಿನ ಸಿದ್ಧಲಿಂಗೇಶ್ವರ ಗುಡಿಯ ಮುಂದಿನ ಅಂಗಡಿಸಾಲಿನಲ್ಲಿ ವಿಭೂತಿ ಗಟ್ಟಿ, ರುದ್ರಾಕ್ಷಿ, ಶಿವದಾರಗಳ ನಡುವೆ ಹೊಳೆಯುವ ಇಷ್ಟಲಿಂಗದ ಕರಡಿಗೆಗಳೆಲ್ಲ ಬೆಳ್ಳಿಯವಲ್ಲ. ಹಿತ್ತಾಳೆಗೆ ಬೆಳ್ಳಿ ಮುಲಾಮು ಹಾಕಿದವೂ ಇರುತ್ತವೆ. ಜರ್ಮನ್ ಸಿಲ್ವರ್ ಎಂಬುದರಲ್ಲಂತೂ ಬೆಳ್ಳಿಯೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಬೆರಕೆ.

ನಮ್ಮ ತಾತನ ಕರಡಿಗೆ ಮುಲಾಮಿನದು. ಅಂಚುಗಳಲ್ಲಿ ಹಿತ್ತಾಳೆಯ ಹಳದಿ ಕಾಣುತ್ತಿದೆ. ಎದೆಯ ಬೆವರು ಒಂದಿಷ್ಟು ತಿಂದಿರಬಹುದು, ಆದರೆ ಹೆಚ್ಚು ತಿಂದದ್ದು ನಮ್ಮ ಕೈ. ಹಬ್ಬ ಬಂದರೆ ಸಾಕು, ಅಜ್ಜಿ ವಿಭೂತಿ ಹಾಕಿ ಫಳಫಳ ಅನ್ನುವವರೆಗೆ ತಿಕ್ಕುತ್ತಿದ್ದಳು. ಗಟ್ಟಿ ಬೆಳ್ಳಿ ಅದನ್ನು ತಡೆದುಕೊಳ್ಳುತ್ತದೆ. ಮುಲಾಮು ತಡೆಯದು. ಬೆಳ್ಳಿಗೆ ಹಿಡಿಯುವ ಕಪ್ಪೆಂದರೆ ಗಾಳಿಯಲ್ಲಿನ ಗಂಧಕ ಕೂಡಿದ ಬೆಳ್ಳಿಯೇ. ತಿಕ್ಕಿ ತೆಗೆದಾಗ ಬೆಳ್ಳಿಯೂ ಜೊತೆಗೆ ಹೋಗುತ್ತದೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಗ್ಗದ ಸಾಮಾನಿನ ಮುಲಾಮು ಕೆಲವೇ ಮೈಕ್ರಾನ್. ಟೂತ್‌ಪೇಸ್ಟ್ ಅಂತೂ ಹತ್ತಿರ ತರಲೇಬೇಡಿ.

ತಿಕ್ಕದೆ ಕಪ್ಪು ತೆಗೆಯುವ ದಾರಿ ಅಡುಗೆಮನೆಯಲ್ಲೇ ಇದೆ. ಲಿಂಗವನ್ನು ತೆಗೆದು ಮಡಿಯಲ್ಲಿಟ್ಟ ಮೇಲೆ, ಬರಿ ಕರಡಿಗೆಯ ಜಿಡ್ಡನ್ನು ಸೀಗೆಪುಡಿ ಅಥವಾ ಸೋಪಿನ ನೀರಿನಲ್ಲಿ ತೊಳೆಯಿರಿ. ಸ್ಟೀಲ್ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಕರಡಿಗೆ ಅದಕ್ಕೆ ತಾಗುವಂತಿಟ್ಟು, ಬಿಸಿನೀರು ಸುರಿದು ಒಂದೆರಡು ಚಮಚ ಅಡುಗೆ ಸೋಡಾ ಹಾಕಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆಯುತ್ತಿದೆ ಎಂದರ್ಥ: ಗಂಧಕ ಬೆಳ್ಳಿಯನ್ನು ಬಿಡುತ್ತಿದೆ, ಬೆಳ್ಳಿ ಇದ್ದಲ್ಲೇ ಉಳಿಯುತ್ತಿದೆ. ಐದು ನಿಮಿಷ ಸಾಕು. ತೊಳೆದು ಹಳೆಯ ಪಂಚೆಯ ತುಂಡಿನಲ್ಲಿ ಒತ್ತಿ ಒರೆಸಿ. ಒಳಗೆ ಅರಗು ತುಂಬಿದ ಹಿಡಿಯುಳ್ಳ ಸಾಮಾನನ್ನು ಮಾತ್ರ ಬಿಸಿನೀರಿಗೆ ಇಳಿಸಬೇಡಿ.

ಹಳದಿ ಕಂಡಿರುವ ಕಡೆ? ಬೆಳ್ಳಿ ಕ್ಲೋರೈಡ್, ಉಪ್ಪು, ಕ್ರೀಮ್ ಆಫ್ ಟಾರ್ಟರ್ ಬೆರೆಸಿ ಒದ್ದೆ ಬಟ್ಟೆಯಲ್ಲಿ ಹಿತ್ತಾಳೆಗೆ ಉಜ್ಜಿದರೆ ಬೆಳ್ಳಿ ಕೂರುತ್ತದೆ. ಹಳೆಯ ಗಡಿಯಾರಗಳ ಮುಖಕ್ಕೆ ಬಿಳುಪು ಕೊಟ್ಟದ್ದು ಈ ಉಪಾಯವೇ. ಕ್ರೀಮ್ ಆಫ್ ಟಾರ್ಟರ್ ನಮ್ಮ ಹುಣಸೆಹಣ್ಣಿನ ಹುಳಿಯದೇ ಲವಣ. ಕೈಗೆ ಗವಸಿರಲಿ, ಬೆಳ್ಳಿಯ ಲವಣ ಚರ್ಮಕ್ಕೆ ಕಪ್ಪು ಕಲೆ ಹಿಡಿಸುತ್ತದೆ. ಹೀಗೆ ಕೂತ ಬೆಳ್ಳಿ ಬಲು ತೆಳು: ಆರತಿ ತಟ್ಟೆಯ ಅಂಚಿಗೆ, ದೀಪದ ಕಂಬಕ್ಕೆ ಆದೀತು, ದಿನವೂ ಮೈಗೆ ತಾಗುವ ಕರಡಿಗೆಯಲ್ಲಿ ನಿಲ್ಲದು. ಪಾದೋದಕದ ಬಟ್ಟಲಿಗೆ ಖಂಡಿತ ಬೇಡ.

ಗಟ್ಟಿ ಲೇಪ ಬೇಕಿದ್ದರೆ ವಿದ್ಯುತ್ ಲೇಪನವೇ ಸರಿ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್‌ರು ಪೇಟೆಂಟ್ ಪಡೆದ ಆ ವಿಧಾನ ಸಯನೈಡ್ ದ್ರಾವಣದ್ದು. ಇಂದಿಗೂ ಬಹುಪಾಲು ಹಾಗೆಯೇ ನಡೆಯುತ್ತದೆ. ಅದು ಮನೆಯ ಕೆಲಸವಲ್ಲ. ಬೆಂಗಳೂರಿನ ನಗರ್ತಪೇಟೆಯ ಕಡೆಗೆ ಹೋದಾಗ ಲೇಪನದವರಿಗೆ ಕೊಟ್ಟು ಬನ್ನಿ.

ತಾತನ ಕರಡಿಗೆಯನ್ನು ಸೋಡಾ ನೀರಿನಲ್ಲಿ ತೊಳೆದಿದ್ದೇನೆ, ಲೇಪ ಹಾಕಿಸಿಲ್ಲ. ಆ ಹಳದಿ ಅವರ ಎದೆ, ಅಜ್ಜಿಯ ಕೈ ತಾಗಿ ಬಂದದ್ದು. ಚೈತ್ರದ ತೇರಿಗೆ ಮುಂಚೆ ನೀವೂ ಮನೆಯ ಕರಡಿಗೆಯನ್ನು ತೆಗೆದು ನೋಡಿ. ಅಂಚು ಹಳದಿಯಾಗಿದ್ದರೆ ಈ ಸಲ ವಿಭೂತಿಯನ್ನು ಹಣೆಗಷ್ಟೇ ಇಟ್ಟುಕೊಳ್ಳಿ.